ಆಲೂಗಡ್ಡೆಯ ಕಣ್ಣು

ಆಲೂಗಡ್ಡೆ ಬೇರಲ್ಲ. ಕಾಂಡ.

ಇಷ್ಟು ಬರೆಯುವುದಕ್ಕೆ ನನಗೆ ಒಂದು ವಾರ ಬೇಕಾಯಿತು. ಕಳೆದ ವಾರ ಪೇಪರಿನ ಇದೇ ಅಂಕಣದಲ್ಲಿ ನಾನು ಇದಕ್ಕೆ ತದ್ವಿರುದ್ಧ ಬರೆದಿದ್ದೆ. ಓದಿ ನೀವು ನಕ್ಕಿದ್ದಿರಿ. ವಿಜಯನಗರದ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ಗುರುತಿಲ್ಲದ ಒಬ್ಬರು ಬಂದು, "ಸಖತ್ತಾಗಿ ಕೊಟ್ರಿ ಸಾರ್ ಆ ಟೀಚರಮ್ಮಂಗೆ" ಅಂದರು. ಖುಷಿಯಾಗಿ ಅವರ ಕಾಫಿಗೂ ನಾನೇ ದುಡ್ಡು ಕೊಟ್ಟೆ.

ಓದದವರಿಗಾಗಿ ಮತ್ತೆ ಹೇಳುತ್ತೇನೆ. ಈ ಸಲ ಪೂರ್ತಿ ಹೇಳುತ್ತೇನೆ.

ನನ್ನ ಮೊಮ್ಮಗಳು ಸಿಂಚನ ನಾಲ್ಕನೇ ಕ್ಲಾಸು. ಗೋವಿಂದರಾಜನಗರದಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ಸಣ್ಣ ಖಾಸಗಿ ಶಾಲೆ. ಗಿಡದ ಭಾಗಗಳು ಅಂತ ಪಾಠ. ಬೇರು ನೀರು ಹೀರುತ್ತದೆ, ಗಿಡವನ್ನು ಹಿಡಿದು ನಿಲ್ಲಿಸುತ್ತದೆ. ಕಾಂಡ ಆ ನೀರನ್ನು ಮೇಲಕ್ಕೆ ಒಯ್ಯುತ್ತದೆ. ಎಲೆ ಅಡುಗೆ ಮಾಡುತ್ತದೆ. ಆಮೇಲೆ ಒಂದು ವರ್ಕ್‌ಶೀಟು: ನಾವು ತಿನ್ನುವ ತರಕಾರಿ ಗಿಡದ ಯಾವ ಭಾಗ?

ಕ್ಯಾರೆಟ್ ಬೇರು, ಪಾಲಕ್ ಎಲೆ, ಹೂಕೋಸು ಹೂವು. ಮಗು ಸರಸರ ಬರೆಯಿತು. ಆಲೂಗಡ್ಡೆಗೆ ಬಂದಾಗ ಪೆನ್ಸಿಲ್ ಕಚ್ಚಿಕೊಂಡು ನನ್ನ ಮುಖ ನೋಡಿತು.

"ಬೇರು ಕಣೇ. ಇದೂ ಗೊತ್ತಿಲ್ವಾ?" ಅಂದೆ.

"ಮಿಸ್ ಏನೋ ಬೇರೆ ಹೇಳಿದ್ರು ತಾತ."

"ನಿಮ್ಮ ಮಿಸ್ಸು ಆಲೂಗಡ್ಡೆ ನೋಡಿರೋದು ತಳ್ಳುಗಾಡೀಲಿ. ನಾನು ಮಣ್ಣಿಂದ ಅಗೆದು ತೆಗ್ದಿದೀನಿ. ಬರಿ."

ಬರೆಯಿತು. ಮರುದಿನ ಕೆಂಪು ಇಂಕಿನ ಅಡ್ಡಗೀಟು ಹಾಕಿಸಿಕೊಂಡು ಬಂತು.

ನನ್ನ ವಿದ್ಯೆ ಎಸ್ಸೆಸ್ಸೆಲ್ಸಿಗೆ ಮುಗಿದದ್ದು. ಆದರೆ ಕೆಂಗೇರಿ ಆಚೆ ನಮಗೆ ಹೊಲವಿತ್ತು. ಈಗ ಅಲ್ಲಿ ಸೈಟುಗಳಾಗಿವೆ, ನಾವು ಬಾಡಿಗೆ ಎಣಿಸಿಕೊಂಡು ಆರಾಮಾಗಿದ್ದೇವೆ. ಆದರೂ ಮಣ್ಣಿನ ವಿಷಯ ಬಂದರೆ ನಮ್ಮಂಥವರಿಗೆ ಯಾರೂ ಏನೂ ಹೇಳಿಕೊಡಬಾರದು. (ನಮ್ಮ ಪೈಕಿ ಇನ್ನೂ ಎಷ್ಟೋ ಜನಕ್ಕೆ ಈ ಕಾಯಿಲೆ ಇದೆ. ಹತ್ತಾರು ವರ್ಷದಿಂದ ಗುದ್ದಲಿ ಮುಟ್ಟಿರುವುದಿಲ್ಲ, ಮಾತು ಮಾತ್ರ ಹೊಲದ್ದೇ.)

ಸೀದಾ ಶಾಲೆಗೆ ಹೋದೆ. ಹೆಡ್‌ಮಿಸ್ ರೂಮಿನಲ್ಲಿ ಕೂತು ಆ ಟೀಚರನ್ನು ಕರೆಸಿ ಎಂದೆ. ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕೈಯಲ್ಲಿ ಇನ್ನೂ ಚಾಕ್‌ಪೀಸ್ ಇತ್ತು. (ಹೆಸರು ಬರೆಯುವುದಿಲ್ಲ. ಹೋದ ವಾರವೂ ಬರೆದಿರಲಿಲ್ಲ. ಆದರೂ ಏರಿಯಾಗೆಲ್ಲ ಗೊತ್ತಾಯಿತು.) ನಾನು ಜೋರಾಗಿ ಹೇಳುವುದೆಲ್ಲ ಹೇಳಿದೆ. ಮಣ್ಣೊಳಗೆ ಇರುವುದು ಬೇರಲ್ಲದೆ ಇನ್ನೇನಮ್ಮ? ನೀನು ಯಾವ ಹೊಲದಲ್ಲಿ ದುಡಿದಿದ್ದೀ?

ಇಲ್ಲಿಯವರೆಗಿನದ್ದನ್ನು ಹೋದ ವಾರ ಬರೆದೆ. ನಡುವೆ ನಾಲ್ಕು ನಗೆಚಟಾಕಿ ಸೇರಿಸಿದೆ. ಇಲ್ಲಿಂದ ಮುಂದಿನದನ್ನು ಬಿಟ್ಟೆ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಆ ಹುಡುಗಿ ಕೇಳಿದಳು. "ಸಾರ್, ಮಣ್ಣೊಳಗಿದೆ ಅಂದ ತಕ್ಷಣ ಬೇರು ಅಂತ ಅಲ್ಲ. ಅದು ಏನು ಕೆಲಸ ಮಾಡುತ್ತೆ ನೋಡ್ಬೇಕು. ನೀವು ಬಿತ್ತನೆಗೆ ಆಲೂಗಡ್ಡೆ ಹೆಂಗೆ ಕತ್ತರಿಸ್ತಿದ್ರಿ?"

ಎಂಥ ಪ್ರಶ್ನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಮ್ಮ ಕುಡುಗೋಲು ಹಿಡಿದು ಜಗಲಿ ಮೇಲೆ ಕೂರುತ್ತಿದ್ದಳು. ಕತ್ತರಿಸಿದ್ದನ್ನು ಬೂದಿಯಲ್ಲಿ ಹೊರಳಿಸಿ ಕುಕ್ಕೆಗೆ ಹಾಕುವುದು ನನ್ನ ಕೆಲಸ. ಬಾಯಿಂದ ಉತ್ತರ ತಾನೇ ಬಂತು.

"ಒಂದೊಂದು ತುಂಡಲ್ಲೂ ಒಂದೊಂದಾದ್ರೂ ಕಣ್ಣು ಇರ್ಬೇಕು. ಕಣ್ಣಿದ್ರೆ ತಾನೇ ಮೊಳಕೆ ಬರೋದು?"

"ಕ್ಯಾರೆಟ್‌ಗೆ ಅಂಥ ಕಣ್ಣು ನೋಡಿದೀರಾ ಸಾರ್? ಮೂಲಂಗಿಗೆ?"

ಇಲ್ಲ. ನೋಡಿಲ್ಲ. ಕಬ್ಬಿನ ಗಿಣ್ಣಿನಲ್ಲಿ ನೋಡಿದ್ದೇನೆ. ಕಬ್ಬು ಕಾಂಡ. ಕಣ್ಣು ಅಂದರೆ ಚಿಗುರು ಒಡೆಯುವ ಮೊಗ್ಗು, ಅದು ಕೂರುವುದು ಕಾಂಡದ ಮೇಲೆ. ಆಲೂಗಡ್ಡೆ ಮಣ್ಣೊಳಗೇ ಉಳಿದು ಊಟ ಕೂಡಿಟ್ಟುಕೊಂಡು ಊದಿಕೊಂಡ ಕಾಂಡ.

ಅಷ್ಟೂ ನನಗೆ ಆ ಕುರ್ಚಿಯ ಮೇಲೇ ಅರ್ಥವಾಯಿತು. ವರ್ಷಗಟ್ಟಲೆ ನನ್ನ ಕೈ ಮಾಡಿದ ಕೆಲಸದ ಕಾರಣ ನನಗೆ ಗೊತ್ತಿರಲಿಲ್ಲ. ಅದನ್ನು ನನ್ನ ಬಾಯಿಂದಲೇ ಹೇಳಿಸಿ ನನಗೆ ತಿಳಿಸಿಕೊಟ್ಟಳು. ಒಳ್ಳೆಯ ಟೀಚರ್ ಅಂದರೆ ಇನ್ನೇನು?

ನಾನು ಏನು ಮಾಡಿದೆ? ಎದ್ದು ನಿಂತು, "ನನ್ನ ಮೊಮ್ಮಗಳ ವಯಸ್ಸಿನೋಳು ನಂಗೇ ಪಾಠ ಹೇಳ್ತೀಯಾ?" ಎಂದೆ. (ಲೆಕ್ಕವೂ ತಪ್ಪು. ಮಗಳ ವಯಸ್ಸು ಅನ್ನಬೇಕಿತ್ತು.) ಮನೆಗೆ ಬಂದು ಒಂದೇ ಏಟಿಗೆ ಅಂಕಣ ಬರೆದು ಮುಗಿಸಿದೆ. ಅವಳ ಆ ಪ್ರಶ್ನೆಯನ್ನು ಮಾತ್ರ ಬರೆಯಲಿಲ್ಲ. ಬರೆದಿದ್ದರೆ ನೀವು ನನ್ನನ್ನು ನೋಡಿ ನಗುತ್ತಿದ್ದಿರಿ.

ಗೊತ್ತಿಲ್ಲದೆ ತಪ್ಪು ಬರೆದಿದ್ದರೆ ತಿದ್ದುಪಡಿ ಹಾಕಿ ಸುಮ್ಮನಾಗಬಹುದಿತ್ತು. ನಾನು ಗೊತ್ತಿದ್ದೇ ಬರೆದೆ.

ಮೊನ್ನೆ ಸಿಂಚನ ಶಾಲೆಯಿಂದ ಬಂದು ಶೂ ಬಿಚ್ಚುತ್ತಾ, "ತಾತ, ನೀನೇ ಗೆದ್ದೆ" ಅಂದಳು.

"ಏನೇ ಅದು?"

"ಇವತ್ತು ಬೇರೆ ಮಿಸ್ ಬಂದಿದ್ರು. ಆಲೂಗಡ್ಡೆ ಬೇರು ಅಂತ ತಿದ್ಕೊಳ್ಳಿ ಅಂದ್ರು. ಎಲ್ರೂ ರಬ್ಬರ್ ತಗೊಂಡು ಅಳಿಸಿದ್ವಿ. ಪೆನ್ನಲ್ಲಿ ಬರೆದೋರು ವೈಟ್ನರ್ ಹಾಕಿದ್ರು."

"ನಿಮ್ಮ ಮಿಸ್ಸೆಲ್ಲಿ?"

"ಅವರು ಇನ್ಮೇಲೆ ಬರಲ್ವಂತೆ." ಶೂ ಮೂಲೆಗೆ ತಳ್ಳಿ ಕೇಳಿದಳು. "ನಿನ್ನಿಂದ ಅಂತೆ. ಹೌದಾ?"

ಒಂದು ಇಡೀ ಕ್ಲಾಸು ಸರಿ ಉತ್ತರ ಅಳಿಸಿ ತಪ್ಪು ಬರೆದುಕೊಂಡಿದೆ. ನಾನು ಮರ್ಯಾದೆ ಉಳಿಸಿಕೊಂಡ ಪರಿಣಾಮ ಇದು. ಮಗುವಿಗೆ ಹೌದು ಅಂದೆ. ಅವಳು ಮತ್ತೇನೂ ಕೇಳದೆ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಬೆಳಗ್ಗೆಯೇ ಹೆಡ್‌ಮಿಸ್ ಮುಂದೆ ಹೋಗಿ ಕೂತೆ. ಅದೇ ಕುರ್ಚಿ.

"ತಪ್ಪು ನಂದು ಮೇಡಂ. ಆ ಹುಡುಗಿ ಹೇಳಿದ್ದೇ ಸರಿ. ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಸಾರ್."

"ಮತ್ತೆ ಅವತ್ತು ಯಾಕೆ ಸುಮ್ನೆ ಕೂತ್ರಿ?"

"ನೀವು ಕೂಗಾಡ್ತಿದ್ರಿ. ಆಮೇಲೆ ಪೇಪರಲ್ಲಿ ಬೇರೆ ಬರೆದ್ರಿ. ಪೇರೆಂಟ್ಸ್ ಗ್ರೂಪಲ್ಲೆಲ್ಲ ಅದೇ ಓಡಾಡ್ತು. ಮ್ಯಾನೇಜ್‌ಮೆಂಟ್‌ನೋರು ಕರೆದು, ಇಂಥ ಟೀಚರ್ ಯಾಕೆ ಇಟ್ಕೊಂಡಿದೀರಾ ಅಂದ್ರು. ನಾನೂ ಇಲ್ಲಿ ಸಂಬಳಕ್ಕಿರೋಳೇ ಅಲ್ವಾ ಸಾರ್?"

ಅಂದರೆ ಆ ರೂಮಿನಲ್ಲಿದ್ದ ಮೂವರಿಗೂ ಸರಿ ಉತ್ತರ ಗೊತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಿದವಳ ಕೆಲಸ ಮಾತ್ರ ಹೋಯಿತು. ಫೀಸು ಕಟ್ಟುವವನು ದನಿ ಏರಿಸಿದರೆ ಪಾಠವೇ ಬದಲಾಗುತ್ತದೆ ಅನ್ನುವುದಾದರೆ ನಾವು ಮಕ್ಕಳನ್ನು ಶಾಲೆಗೆ ಯಾಕೆ ಕಳಿಸಬೇಕು? ಮನೆಯಲ್ಲೇ ಕೂರಿಸಿಕೊಂಡು ನಮಗೆ ತೋಚಿದ್ದನ್ನು ಹೇಳಿಕೊಡಬಹುದಲ್ಲ?

ಹೆಡ್‌ಮಿಸ್ ತಮ್ಮ ಫೋನಿನಿಂದಲೇ ಅವಳಿಗೆ ಕಾಲ್ ಮಾಡಿ ನನ್ನ ಕೈಗೆ ಕೊಟ್ಟರು. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. "ಕ್ಷಮಿಸಮ್ಮ" ಅಂದೆ.

"ಅವತ್ತೇ ನಿಮಗೆ ಅರ್ಥ ಆಯ್ತು ಅಂತ ನಂಗೊತ್ತಾಯ್ತು ಸಾರ್" ಅಂದಳು.

"ಹೆಂಗಮ್ಮ?"

"ಮುಖ ನೋಡಿದ್ರೆ ಗೊತ್ತಾಗುತ್ತೆ. ಮಕ್ಕಳಿಗೆ ಅರ್ಥ ಆಯ್ತೋ ಇಲ್ವೋ ಅಂತ ದಿನಾ ನೋಡ್ತೀನಲ್ಲ. ಅರ್ಥ ಆದ್ಮೇಲೆ ಸರಿ ಅಂತೀರಾ ಅಂದ್ಕೊಂಡೆ. ಪೇಪರ್ ನೋಡಿ ತುಂಬಾ ಬೇಜಾರಾಯ್ತು."

"ವಾಪಸ್ ಬರ್ತೀಯಾ?"

"ಕರೆದ್ರೆ ಬರ್ತೀನಿ ಸಾರ್. ನಾನಾಗೇ ಬಿಟ್ಟಿದ್ದಲ್ವಲ್ಲ."

ಫೋನು ಇಟ್ಟ ಮೇಲೆ ಹೆಡ್‌ಮಿಸ್ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಪುಸ್ತಕಗಳನ್ನು ಸರಿಮಾಡುತ್ತಾ ಹೇಳಿದರು. "ಇಲ್ಲಿ ನನ್ನೆದುರು ಒಪ್ಕೊಂಡ್ರೆ ಏನೂ ಆಗಲ್ಲ ಸಾರ್. ನೀವು ಊರಿಗೆಲ್ಲ ಹೇಳಿದೀರಾ. ಅದನ್ನ ಅಲ್ಲೇ ಬರೆದು ವಾಪಸ್ ತಗೊಳ್ಳಿ. ಆಮೇಲೆ ಮ್ಯಾನೇಜ್‌ಮೆಂಟ್ ಹತ್ರ ಮಾತಾಡೋಕೆ ನಂಗೂ ಧೈರ್ಯ ಬರುತ್ತೆ."

ನ್ಯಾಯವಾದ ಮಾತು. ಹಾಗಾಗಿ, ಓದುಗರೇ, ಈ ವಾರ ನಿಮ್ಮನ್ನು ನಗಿಸಲು ನನ್ನಿಂದ ಆಗಲಿಲ್ಲ. ಹೋದ ವಾರದ್ದನ್ನು ನೀವು ಯಾವ ಯಾವ ಗ್ರೂಪಿಗೆ ಕಳಿಸಿದ್ದಿರೋ, ದಯವಿಟ್ಟು ಅಲ್ಲಿಗೆಲ್ಲ ಇದನ್ನೂ ಕಳಿಸಿ. ತಾತ ಹೇಳಿದ್ದು ತಪ್ಪು, ಮಿಸ್ ಹೇಳಿದ್ದು ಸರಿ ಅಂತ ನಿಮ್ಮ ಮನೆಯ ನಾಲ್ಕನೇ ಕ್ಲಾಸಿನವರಿಗೂ ಹೇಳಿ.

ಹೆಡ್‌ಮಿಸ್ ಮೇಡಂ, ನಾನು ಬರೆದಿದ್ದೇನೆ. ನೀವು ಯಾವತ್ತು ಮಾತಾಡುತ್ತೀರಿ?