ಅಕ್ಕೋರು ಮೈಮೇಲೆ ಹಾಕಿಕೊಂಡ ತಪ್ಪು

ನಿನ್ನೆ ಅಫಜಲಪುರದಿಂದ ಬಂದು ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ತೊಗರಿ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಎರಡು ಸಲ ಸೀನಿದೆ. ಅಕ್ಕೋರ ನೆನಪಾಗಿ ಅಲ್ಲೇ ನಿಂತುಬಿಟ್ಟೆ...

ದಾಲ್‌ಮಿಲ್ಲಿನ ಪಕ್ಕದ ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್‌ಪುಟ ಕಟ್ಟುವುದನ್ನು ನನಗೆ ಕಲಿಸಿದವರು ಅವರು. ಅಂಥ ಗುರುವನ್ನು ನಾನು ಮತ್ತೆ ಕಾಣಲಿಲ್ಲ. ಪುಟದ ಒಂದೊಂದು ಭಾಗವೂ, ಅಂದರೆ ಕಾಂಪೊನೆಂಟು, ತೆರೆಗೆ ಬರುತ್ತದೆ, ಇದ್ದಷ್ಟು ಹೊತ್ತು ಬದಲಾಗುತ್ತದೆ, ಕೊನೆಗೆ ಹೋಗುತ್ತದೆ. ಆಯಾ ಘಟ್ಟದ ಕೆಲಸವನ್ನು ಆಯಾ ಘಟ್ಟದಲ್ಲೇ ಬರೆಯಬೇಕು. ಇಷ್ಟನ್ನು ಎಂಟು ಸಲ ಕೇಳಿದರೂ ಬೇಸರಿಸದೆ ಹೇಳುತ್ತಿದ್ದರು. ನಾನೋ, ತಲೆಯಾಡಿಸುವುದರಲ್ಲಿ ಮಹಾ ಜಾಣೆ!

ನನ್ನ ಮೇಲೆ ಭರವಸೆ ಇಟ್ಟು ಆ ಮಿಲ್ಲಿನಲ್ಲೇ ಕೆಲಸ ಕೊಡಿಸಿದರು. ತೊಗರಿ ತಂದ ಯಾವ ಟ್ರ್ಯಾಕ್ಟರಿನ ಪಾಳಿ ಬಂತೆಂದು ಗೇಟಿನ ಟಿವಿಯಲ್ಲಿ ತೋರಿಸುವ ಪುಟ ಕಟ್ಟುವ ಕೆಲಸ. ಸರಿಯಾಗಿ ನಡೆದರೆ ಕಾಯಂ ನೌಕರಿ, ಇಲ್ಲದಿದ್ದರೆ ನರೋಣಾದ ಮನೆಯಲ್ಲಿ ಸುಮ್ಮನೆ ಕೂರಬೇಕಿತ್ತು.

ಮೊದಲ ದಿನ ಮಧ್ಯಾಹ್ನಕ್ಕೇ ಟಿವಿ ನಿಂತುಹೋಯಿತು. ಗೇಟಿನಲ್ಲಿ ರೈತರು ಜಗಳಕ್ಕಿಳಿದರು, ಮಿಲ್ಲಿನ ಸಾವುಕಾರರು ಕೆಂಡವಾದರು. ಅಕ್ಕೋರು ಓಡಿಬಂದು ನಾನು ಬರೆದದ್ದನ್ನು ನೋಡಿದರು. ಪಾಳಿ ಪಟ್ಟಿ ತೆರೆಗೆ ಬಂದಾಗಲೆಲ್ಲ ಪಾಳಿಯನ್ನು ಆಗಾಗ ಬದಲಿಸುವ ಒಂದು ಹೊಸ ಟೈಮರು ಶುರುವಾಗುತ್ತಿತ್ತು. ಅದನ್ನು ನಿಲ್ಲಿಸುವ ಸಾಲನ್ನು ನಾನು ಪಟ್ಟಿ ಹೋದ ಮೇಲೆ ಬರುವ ಪುಟದಲ್ಲಿ ಬರೆದಿದ್ದೆ. ಆ ಹೊತ್ತಿಗೆ ಪಟ್ಟಿ ಹೋಗಿಯೇ ಬಿಟ್ಟಿರುತ್ತಿತ್ತು, ಯಾವ ಟೈಮರನ್ನು ನಿಲ್ಲಿಸಬೇಕೆಂಬುದೇ ಆ ಪುಟಕ್ಕೆ ಗೊತ್ತಾಗುತ್ತಿರಲಿಲ್ಲ. ಹೀಗೆ ನೂರಾರು ಟೈಮರುಗಳು ಒಟ್ಟಿಗೆ ಓಡಿ, ಆ ಭಾರಕ್ಕೆ ಟಿವಿ ನಿಂತಿತ್ತು.

"ಯಾಕ ಹಿಂಗ ಬರ್ದಿ?" ಎಂದರು ಮೆಲ್ಲಗೆ.

"ಹೊಂಟೋರ ಬೆನ್ನಿಗೇ ಕಸ ಹೊಡಿಬಾರ್ದು, ಊರು ದಾಟ್ಲಿ ಅಂತ ಅವ್ವ ಹೇಳ್ತಾಳ್ರಿ. ಪಟ್ಟಿ ಪೂರಾ ಹೋಗ್ಲಿ ಅಂತ..."

ಅಕ್ಕೋರು ಅಂಥ ಹೊತ್ತಿನಲ್ಲೂ ನಕ್ಕರು. "ಹುಚ್ಚಿ! ಮನ್ಯಾಗ ಹಂಗೇ ಮಾಡು. ಇಲ್ಲಿ ಹೊಸ್ತಿಲ ದಾಟೂ ಮೊದ್ಲೇ ಹೊಡಿಬೇಕು."

ಸಾಲನ್ನು ಪಟ್ಟಿ ಹೋಗುವ ಘಟ್ಟಕ್ಕೆ ನನ್ನಿಂದಲೇ ಹಾಕಿಸಿದರು. ಟಿವಿ ನಡೆಯಿತು. ಆಮೇಲೆ ಎಲ್ಲರೆದುರು, "ತಪ್ಪು ನಂದ್ರಿ ಸಾವ್ಕಾರ್ರ, ನಾನೇ ಹಂಗ ಕಲಿಸಿದ್ದೆ" ಎಂದುಬಿಟ್ಟರು.

ತಪ್ಪು ನನ್ನದೆಂದು ನಾನು ಹೇಳಲಿಲ್ಲ. ನೌಕರಿ ಉಳಿಯಿತು. ಅಕ್ಕೋರಿಗೇ ಸರಿಯಾಗಿ ಬರುವುದಿಲ್ಲವಂತೆ ಎಂದು ಪೇಟೆಯಲ್ಲಿ ಆಡಿಕೊಂಡರು, ಕ್ಲಾಸಿಗೆ ಬರುವವರು ಕಡಿಮೆಯಾದರು. ಆದರೂ ಅಕ್ಕೋರು ಒಂದು ದಿನವೂ ನನ್ನನ್ನು ಬೇರೆಯಾಗಿ ನೋಡಲಿಲ್ಲ.

ಆಮೇಲೆ ನಾನು ಬೇರೆ ಕೆಲಸ ಹಿಡಿದು ಅಫಜಲಪುರಕ್ಕೆ ಹೋದೆ. ಹೋದ ವರ್ಷ ಅಕ್ಕೋರು ತೀರಿಕೊಂಡರು. ನಿನ್ನೆ ನೆಟ್ಟಗೆ ಮಿಲ್ಲಿಗೆ ನಡೆದು, ಸಾವುಕಾರರ ಮುಂದೆ ನಿಂತು, "ಆವತ್ತಿನ ತಪ್ಪು ನಂದಿತ್ರಿ" ಎಂದೆ.

"ಗೊತ್ತಿತ್ತು ತಂಗಿ," ಎಂದರು ಅವರು. "ನಾನೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ಅಕ್ಕೋರು ಮಂದಿ ಮಾತು ಕೇಳಿಸ್ಕೋತ ಹೋದ್ರು."

ಈಗ ಊರಿಗೆಲ್ಲ ಹೇಳಿದರೂ ಕೇಳಿಸಿಕೊಳ್ಳಲು ಅಕ್ಕೋರಿಲ್ಲ.