ಗೋಡೆ ಸಾರಿಸುವ ಮೊದಲೋ ಆಮೇಲೋ

ಅಥವಾ ಆ ಹಾಡಿಯ ಮಣ್ಣಿನ ಗೋಡೆ ಕೆಂಪಗಿರಲಿಲ್ಲವೇನೋ. ನೆನಪಿನಲ್ಲಿ ಕೆಂಪಗಿದೆ. ಬೇಕಾದ ಬಣ್ಣ ಬಳಿದುಕೊಳ್ಳುವ ಚಾಳಿ ನೆನಪಿಗಿದೆ, ನಾನು ಅದನ್ನು ನಂಬುವುದಿಲ್ಲ.

ಹೋದ ವಾರ ಹುಣಸೂರಿನ ಲೈಬ್ರರಿಯಲ್ಲಿ, ಬ್ರಿಟಿಷರ ಕೈಕೆಳಗಿದ್ದ ಆಫ್ರಿಕಾದ ನಾಡುಗಳಲ್ಲಿ ರೋಗ ತಡೆಯಲು ಸರ್ಕಾರ ಹೇಗೆ ಹಣ ಕೊಡುತ್ತಿತ್ತು ಎಂದು ಓದುತ್ತಿದ್ದೆ. ಮಂಜೂರು ಮಾಡುವವರು ಲಂಡನ್ನಿನಲ್ಲಿ, ಸೊಳ್ಳೆ ಆಫ್ರಿಕಾದಲ್ಲಿ. ಓದುತ್ತಲೇ ಎಚ್.ಡಿ. ಕೋಟೆಯ ಕಾಡಂಚಿನ ಒಂದು ಹಾಡಿ, ಬುಡಕಟ್ಟಿನವರ ಕೇರಿ, ಕಣ್ಣಿಗೆ ಬಂತು.

ಆಗ ನಾನು ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸಕ್ಕಿದ್ದೆ. ಮನೆಗಳ ಒಳಗೋಡೆಗೆ ಸೊಳ್ಳೆ ಔಷಧಿ ಹೊಡೆಸುವುದು ನನ್ನ ಪಾಲಿನದು. ಅನುದಾನ ಮಾರ್ಚಿನೊಳಗೆ ಮುಗಿಯಬೇಕು, ಇಲ್ಲದಿದ್ದರೆ ವಾಪಸ್. ಹಾಗಾಗಿ ಪ್ರತಿ ಮಾರ್ಚಿನಲ್ಲೂ ಹೊಡೆಸುತ್ತಿದ್ದೆವು. ಪ್ರತಿ ಮಳೆಗಾಲವೂ ಹಾಡಿಯಲ್ಲಿ ಜ್ವರ.

ಆ ವರ್ಷ ಪಂಪು ಹೊತ್ತು ಹೋದಾಗ ಅಜ್ಜಿಯೊಬ್ಬರು ಬಾಗಿಲಿಗೆ ಅಡ್ಡ ನಿಂತರು. ಹಿಂದಿನ ಮಳೆಗಾಲದ ಜ್ವರದಲ್ಲಿ ಅವರ ಮೊಮ್ಮಗಳು ಉಳಿದದ್ದೇ ಹೆಚ್ಚು. ಈಗ ಅವಳು ಬಸುರಿ.

“ಇವತ್ ನೀವ್ ಹೊಡೀತೀರಿ. ವಾರ ಬುಟ್ರೆ ಯುಗಾದಿ, ಗೋಡೆಗೆಲ್ಲ ಮಣ್ಣು ಸಗಣಿ ಸಾರುಸ್ತೀವಿ. ನಿಮ್ ಔಸ್ತಿ ಒಳಗ್ ಮಲಿಕತದೆ, ಸೊಳ್ಳೆ ಮ್ಯಾಲ್ ಕೂತ್ಕತದೆ.”

ನಾನು ಪೆಚ್ಚಾದೆ. “ಇಷ್ಟ್ ವರ್ಷ ಯಾಕ್ ಹೇಳ್ಲಿಲ್ಲ ಅಜ್ಜಿ?”

“ನೀವ್ ಯಾವತ್ ಕೇಳುದ್ರಿ ಸಾ? ಬಂದ್ರಿ, ಹೊಡುದ್ರಿ, ಬಾಗ್ಲ್ ಮ್ಯಾಲೆ ನಂಬರ್ ಬರುದ್ರಿ, ಹೋದ್ರಿ.”

ಹಬ್ಬ ಕಳೆದ ಮೇಲೆ ಬರೋಣವೆಂದರೆ ಅಷ್ಟರಲ್ಲಿ ಮಾರ್ಚ್ ಮುಗಿದಿರುತ್ತಿತ್ತು. ಅದನ್ನು ಹೇಳಿದೆ. ಅಜ್ಜಿ ತುಸು ಯೋಚಿಸಿದರು.

“ಅಂಗಾದ್ರೆ ಈಗ್ಲೇ ಸಾರುಸ್ತೀವಿ ಬುಡಿ. ಮೂರ್ ದಿನ ಕೊಡಿ.”

ಮೂರೋ ನಾಲ್ಕೋ. ನಮ್ಮ ಇಲಾಖೆಯ ಸಾಹೇಬರು ಫೋನಿನಲ್ಲಿ ಗೊಣಗಿ ಒಪ್ಪಿಕೊಂಡರು. ಹಾಡಿಯ ಹೆಂಗಸರೆಲ್ಲ ಮಣ್ಣು ಅಗೆದು, ಕಲಸಿ, ಗೋಡೆ ಸಾರಿಸತೊಡಗಿದರು. “ಈ ಸಲ ನಮ್ ಹಬ್ಬನ ಸರ್ಕಾರ್ವೇ ಮಾಡುಸ್ತಾ ಅದೆ ಕಣಕ್ಕ,” ಎಂದು ಒಬ್ಬಳು ಛೇಡಿಸಿದಳು. “ಒಬ್ಬಟ್ಟೂ ಅವರ್ದೇಯಾ ಕೇಳು,” ಎಂದಳು ಇನ್ನೊಬ್ಬಳು. ಗೋಡೆ ಒಣಗಿತು. ಹೊಸ ಮಣ್ಣಿನ ಮೇಲೆ ಔಷಧಿ ಹೊಡೆಸಿದೆವು.

ಆ ಮಳೆಗಾಲ ಅಲ್ಲಿ ತೆಗೆದ ರಕ್ತದ ಸ್ಲೈಡುಗಳಲ್ಲಿ ಒಂದರಲ್ಲೂ ಮಲೇರಿಯಾ ಕಾಣಲಿಲ್ಲ. ಮೊಮ್ಮಗಳು ಜ್ವರವಿಲ್ಲದೆ ದಿನ ತುಂಬಿ ಹೆಣ್ಣು ಹೆತ್ತಳು. ಮರುವರ್ಷ ಸುತ್ತಲ ಹಾಡಿಗಳಲ್ಲೆಲ್ಲ ಮೊದಲು ಹೆಂಗಸರನ್ನು ಕೇಳಿ, ಆಮೇಲೆ ಪಂಪು ಎತ್ತಿದೆವು. ಗೆದ್ದೆವು. ಈ ಪದವನ್ನು ನಾನು ಸುಲಭವಾಗಿ ಬರೆಯುವವನಲ್ಲ, ಇಲ್ಲಿ ಬರೆಯುತ್ತೇನೆ.

ಅದಕ್ಕೂ ಹಿಂದಿನ ವರ್ಷಗಳಲ್ಲಿ ನಾನೇ ನಿಂತು ಹೊಡೆಸಿದ ಔಷಧಿ ಎಷ್ಟು ಮನೆಗಳಲ್ಲಿ ಮಣ್ಣಿನಡಿ ಹೋಯಿತು, ಅದರಿಂದ ಯಾರ್ಯಾರಿಗೆ ಜ್ವರ ಬಂತು, ನನಗೆ ಗೊತ್ತಿಲ್ಲ.