ಓಬಳಮ್ಮನ ಸೊಸೆ ಜಗಳ ಬಿಟ್ಟದ್ದು

ಬಡವನಹಳ್ಳಿ ಸಂತೆಯಲ್ಲಿ ಓಬಳಮ್ಮನ ಹುರಿದ ಕಡಲೆಕಾಯಿಗೆ ಒಳ್ಳೆಯ ಹೆಸರಿತ್ತು. ಜನ ಅಲ್ಲಿ ನಿಲ್ಲುತ್ತಿದ್ದದ್ದು ಕಾಯಿಯ ರುಚಿಗಿಂತ ಹೆಚ್ಚಾಗಿ ಅತ್ತೆ ಸೊಸೆಯ ಜಗಳ ಕೇಳಲಿಕ್ಕೆ ಎಂಬುದು ಓಬಳಮ್ಮನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬಾಣಲೆಯ ಮರಳು ಕಾದಿದೆ ಎಂದು ಅತ್ತೆ ಅಂದರೆ, ಇನ್ನೂ ಕಾಯಬೇಕು ಎಂದು ಸೊಸೆ ಆಶಾರಾಣಿ. ಕಾಯಿ ಹದವಾಗಿದೆ ಎಂದರೆ, ಸೀದಿದೆ ಎಂದು ಅವಳೇ. ಇಂಥ ಬಾಯಿಯ ಸೊಸೆ ಶತ್ರುವಿಗೂ ಬೇಡ ಎಂದು ಓಬಳಮ್ಮ ಕಂಡವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೂ ಇರುತ್ತಿತ್ತು.

ಆ ಬಾಯಿ ಒಮ್ಮೆ ಬಿದ್ದುಹೋಗಿ ಎದ್ದು ಬಂದದ್ದು. ಮದುವೆಯಾದ ಎರಡನೆಯ ವರ್ಷ ಆಶಾರಾಣಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆ ನೋಡುತ್ತ ಕೂತಳು. ಓಬಳಮ್ಮನ ಮಗ ಜಯಕುಮಾರ್ ಹೆಂಡತಿಯನ್ನು ಮಧುಗಿರಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಮನಸ್ಸಿನ ಮಂಕಿಗೆಂದು ಅವರು ದಿನಕ್ಕೊಂದು ಮಾತ್ರೆ ಕೊಟ್ಟರು. ತಿಂಗಳು ಕಳೆಯುವಷ್ಟರಲ್ಲಿ ಸೊಸೆ ಸಾರಿಗೆ ಹುಳಿ ಸಾಲದು ಎಂದಳು. ಓಬಳಮ್ಮ ಬೈದು, ಹಿತ್ತಿಲಿಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈಗ ಆಶಾರಾಣಿ ಬಸುರಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ತಪ್ಪದೆ ಬಂದು ತೋರಿಸುತ್ತಿರಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಆದರೆ ಪಕ್ಕದ ಮನೆಯ ಪಾಪಕ್ಕ ಪರಂಗಿಹಣ್ಣಿಗೂ ಹೆದರುವ ಹೆಂಗಸು. ಬಸುರಿಗೆ ದಿನಾ ಇಂಗ್ಲಿಷ್ ಮಾತ್ರೆಯೇ ಎಂದು ಅವಳು ಗಲ್ಲದ ಮೇಲೆ ಕೈಯಿಟ್ಟ ಮೇಲೆ ಓಬಳಮ್ಮನಿಗೂ ಅನ್ನ ಇಳಿಯಲಿಲ್ಲ. ಇಂಥದ್ದನ್ನೆಲ್ಲ ಅವಳು ಕೇಳುತ್ತಿದ್ದದ್ದು ಊರಮ್ಮನನ್ನು. ಅಮ್ಮನ ಮುಡಿಗೆ ಹೂವಿಟ್ಟು ಪ್ರಶ್ನೆ ಕೇಳುವುದು, ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ. ಮಾತ್ರೆ ಬಿಡಿಸಲೇ ಎಂದು ಕೇಳಿದ್ದೇ ತಡ, ಹೂವು ಬಲಕ್ಕೆ ಬಿತ್ತು. ಪೂಜಾರಿ ಕದರಪ್ಪ ಗಂಟೆ ಬಾರಿಸಿದ.

ಆಶಾರಾಣಿ ಎರಡು ಮಾತು ಎದುರಾಡಿದಳು. ಮಗುವಿನ ಭಯ ಅವಳ ಹೊಟ್ಟೆಯಲ್ಲೂ ಇತ್ತು. ಮೂರನೆಯ ಮಾತು ಬರಲಿಲ್ಲ. ಮಾತ್ರೆ ನಿಂತಿತು.

ಮೊದಲು ತಲೆ ತಿರುಗಿತು. ಅದು ಬಸುರಿನದೆಂದು ಪಾಪಕ್ಕ ತೀರ್ಪು ಕೊಟ್ಟಳು. ಆಮೇಲೆ ಆಶಾರಾಣಿ ವಿಧೇಯಳಾದಳು. ಏನು ಹೇಳಿದರೂ "ಆಯ್ತು ಅತ್ತೆ". ಅಮ್ಮ ಸೊಸೆಯ ಬಾಯಿಗೂ ಬೀಗ ಹಾಕಿದಳೆಂದು ಓಬಳಮ್ಮ ಒಂದು ವಾರ ಕೇರಿಯೆಲ್ಲ ಬೀಗಿದಳು. ಸಂತೆಯಲ್ಲಿ ಮಾತ್ರ ಗಿರಾಕಿಗಳು ಪೊಟ್ಟಣ ಕಟ್ಟಿಸಿಕೊಂಡು ಸುಮ್ಮನೆ ಹೊರಟುಹೋದರು.

ಮುಂದಿನ ಸಂತೆಯ ದಿನ ಓಬಳಮ್ಮ ಬೇಕೆಂದೇ ಒಂದು ಬಾಣಲೆ ಕಾಯಿ ಸೀಯಿಸಿದಳು. ಹೊಗೆ ಎದ್ದಿತು. ಕಪ್ಪಗಾದ ಕಾಯನ್ನು ಸೊಸೆಯ ಮುಂದೆ ಸುರಿದು ಕಾದಳು.

"ಎಂಗೈತೆ ನೋಡೇ."

ಆಶಾರಾಣಿ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

"ಚೆಂದಾಗೈತೆ ಅತ್ತೆ."

ಓಬಳಮ್ಮ ಜರಡಿ ಕೆಳಗಿಟ್ಟು ಸೊಸೆಯ ಮುಖ ನೋಡಿದಳು. ಗೋಡೆ ನೋಡುತ್ತಿದ್ದ ಆ ಕಣ್ಣುಗಳೇ ಮತ್ತೆ ಬಂದು ಎದುರಿಗೆ ಕೂತಿದ್ದವು. ಅಂಗಡಿಯನ್ನು ಸಂತೆಗೆ ಬಂದಿದ್ದ ಪಾಪಕ್ಕನ ಕೊರಳಿಗೆ ಕಟ್ಟಿ, ಸೊಸೆಯ ಕೈ ಹಿಡಿದು ಅವಳು ಮಧುಗಿರಿಯ ಬಸ್ಸು ಹತ್ತಿದಳು.

ಡಾಕ್ಟರಮ್ಮ ಆಶಾರಾಣಿಯೊಂದಿಗೇ ಬಹಳ ಹೊತ್ತು ಮಾತಾಡಿದರು. ಆಮೇಲೆ ಇಬ್ಬರಿಗೂ ಬಿಡಿಸಿ ಹೇಳಿದರು. ಯಾವ ಮಾತ್ರೆಯೂ ಪೂರಾ ನಿರಪಾಯವೆಂದು ತಾನು ಹೇಳುವುದಿಲ್ಲ. ಆದರೆ ಈ ಕಾಯಿಲೆ ಮರಳಿದರೆ ಅದೂ ತಾಯಿ ಮಗು ಇಬ್ಬರಿಗೂ ಕೆಡುಕು. ಎರಡನ್ನೂ ತೂಗಿ ನೋಡಿಯೇ ಇವಳಿಗೆ ಮುಂದುವರಿಸಿ ಎಂದದ್ದು, ಹಾಗೆ ತಟಕ್ಕನೆ ಬಿಟ್ಟದ್ದು ತಪ್ಪು. ಮತ್ತೆ ಸಣ್ಣ ಪ್ರಮಾಣದಿಂದ ಶುರುಮಾಡೋಣ, ಹೆರಿಗೆಯಾದ ಮೇಲೆ ಮಗುವನ್ನೂ ಪರೀಕ್ಷೆ ಮಾಡಿ ನೋಡೋಣ ಎಂದರು. ತೂಗುವ ಮಾತು ತಕ್ಕಡಿ ಹಿಡಿಯುವ ಓಬಳಮ್ಮನಿಗೆ ಹಿಡಿಸಿತು. ನಿಲ್ಲಿಸಿದ್ದು ಯಾರೆಂದು ಅವರು ಕೇಳಿದಾಗ ಮಾತ್ರ ಅವಳು ಕಿಟಕಿಯಾಚೆಗಿನ ಬೆಟ್ಟವನ್ನು ಬಹಳ ಭಕ್ತಿಯಿಂದ ನೋಡಿದಳು.

ಊರಿಗೆ ಬಂದವಳೇ ಗುಡಿಗೆ ಹೋದಳು. ಕದರಪ್ಪ ಹೂವು ಎತ್ತಿಕೊಂಡ. ಅಮ್ಮನ ಎಡಕ್ಕೆ ಯಾರೋ ಭಕ್ತರು ಕೊಟ್ಟ ಹೊಸ ಟೇಬಲ್ ಫ್ಯಾನು ಹೋದ ಸಲದ ಹಾಗೆಯೇ ಗರಗರ ತಿರುಗುತ್ತಿತ್ತು. ಅಮ್ಮನ ಸೆರಗು, ದೀಪದ ಕುಡಿ, ಕದರಪ್ಪನ ಜುಟ್ಟು ಎಲ್ಲವೂ ಬಲಕ್ಕೇ ವಾಲಿದ್ದವು. ಓಬಳಮ್ಮ ಫ್ಯಾನು ನೋಡಿದಳು, ಹೂವು ನೋಡಿದಳು, ಕದರಪ್ಪನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಹೂವ ಮಡಗು ಕದರಪ್ಪ. ಈ ಸಲ ಕೇಳಕ್ಕೆ ಬಂದಿಲ್ಲ, ಅವ್ವಂಗೆ ಹೇಳಿ ಹೋಗಕ್ಕೆ ಬಂದಿವ್ನಿ."

ಅಂದಿನಿಂದ ಮಾತ್ರೆಯ ಹೊತ್ತಿಗೆ ನೀರಿನ ಲೋಟ ಹಿಡಿದು ನಿಲ್ಲುವುದು ಅವಳ ಕೆಲಸವಾಯಿತು. ವಾರಗಳು ಉರುಳಿದರೂ ಸೊಸೆ "ಆಯ್ತು ಅತ್ತೆ" ಎನ್ನುವುದು ನಿಲ್ಲಲಿಲ್ಲ. ಪ್ರತಿ ಸಂತೆಯಲ್ಲೂ ಓಬಳಮ್ಮ ಒಂದು ಹಿಡಿ ಕಾಯನ್ನು ಸೀಯಿಸಿ, ತಟ್ಟೆಯಲ್ಲಿಟ್ಟು, ಬೇರೆಲ್ಲೋ ನೋಡುತ್ತಿರುವಂತೆ ಕೂರುತ್ತಿದ್ದಳು.

ಅವರೆಕಾಯಿ ಕಾಲ ಬರುವ ಹೊತ್ತಿಗೆ ಒಂದು ದಿನ ಆಶಾರಾಣಿ ಆ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಎಷ್ಟ್ ದಿನ ಅಂತ ತಿನ್ನಲಿ ಈ ಇದ್ದಿಲ? ಕೈಲಾಗ್ದಿದ್ರೆ ಎದ್ದೇಳಿ ಅತ್ತೆ, ನಾನ್ ಹುರಿತೀನಿ."

ಸಂತೆಗೆ ಬಂದವರು ಒಬ್ಬೊಬ್ಬರೇ ನಿಂತರು. ಓಬಳಮ್ಮ ಸೌಟನ್ನು ಕೊಡಲಿಲ್ಲ. ಇಂಥ ಬಾಯಿಯ ಸೊಸೆ ಶತ್ರುವಿಗೂ ಬೇಡ ಎಂದು ಶುರುಮಾಡಿದಳು, ಆಚೆ ಬೀದಿಗೂ ಕೇಳುವ ಹಾಗೆ.